ಮೂರನೇ ಕಾಟೇಜಿನ ಹಾಸಿಗೆ

ಹಳೇ ಬಂಗಲೆಯ ಆವರಣದಲ್ಲಿ ಐದು ಕಾಟೇಜುಗಳಿವೆ. ಒಂದು ಕಾಲದ ಕುದುರೆ ಲಾಯ, ಹಾಲಿನ ಕೋಣೆ, ಮಾಲಿಯ ಮನೆ ಎಲ್ಲ ಈಗ ರಜೆಗೆ ಬರುವವರ ಬಿಡಾರ. ಒಲೆ, ಪಾತ್ರೆ ನಮ್ಮದು, ಅಡುಗೆ ಅವರದೇ. ಹತ್ತಕ್ಕೆ ಒಬ್ಬರು ಖಾಲಿ ಮಾಡಿದರೆ ಮೂರಕ್ಕೆ ಇನ್ನೊಬ್ಬರು ಬರುತ್ತಾರೆ. ನಡುವಿನ ಐದು ಗಂಟೆಯಲ್ಲಿ ತೊಳೆದು, ಒರೆಸಿ, ಹಾಸಿಗೆ ಹಾಸುವ ಕೆಲಸ ನನ್ನದು. ಜನ ಬಾಣಲೆಗಳನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಹೋಗುತ್ತಾರೆಂದು ಹೇಳಲು ಹೊರಟರೆ ನನ್ನ ಬಾಯಿ ಹೊಲಸಾಗುತ್ತದೆ, ಬಿಡಿ.

ಮೂರನೆಯದು ಹಿಂದೆ ಬಟ್ಟೆ ಒಗೆಯುವ ಮನೆ. ನನ್ನನ್ನು ಸಾಕಿದ ದೊಡ್ಡಮ್ಮ ಮೂವತ್ತೆಂಟು ವರ್ಷ ಅಲ್ಲಿ ಬಂಗಲೆಯ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಬಂಗಲೆಯ ಮಹಡಿಗೆ ಹೋಗಿ ಎಲ್ಲರ ಹಾಸಿಗೆ ಹಾಸಿದವಳು. ಇನ್ನು ಔಷಧಿ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ ಮೇಲೆ ಅವಳು ಕೇಳಿದ್ದು ಒಂದೇ.

"ಆ ರೂಮಲ್ಲಿ ಒಂದು ಸಲ ಮಲಗ್ಬೇಕು ಕಣೇ. ಅಷ್ಟು ವರ್ಷ ನಿಂತೇ ಇದ್ದೆ ಅಲ್ಲಿ."

ಕೆಲಸದವರ ಮನೆಯವರು ಕಾಟೇಜಿನಲ್ಲಿ ಉಳಿದರೆ ಕೆಲಸ ಹೋದಂತೆಯೇ. ಹೋದ ವರ್ಷ ಮಾಲಿ ತನ್ನ ತಂಗಿಯನ್ನು ಉಳಿಸಿಕೊಂಡು ಮನೆ ಸೇರಿದ. ನಮ್ಮಿಬ್ಬರ ಹೊಟ್ಟೆಪಾಡು ಇದರಲ್ಲೇ ಇತ್ತು. ಬಂಗಲೆಯ ಅಮ್ಮಾವ್ರನ್ನು ಕೇಳಬಹುದಿತ್ತು. ಕೇಳಿ ಇಲ್ಲ ಅನ್ನಿಸಿಕೊಳ್ಳುವುದು ನನ್ನ ಜಾಯಮಾನವಲ್ಲ. ಕಾಟೇಜು ಖಾಲಿಯಿದ್ದ ಮಂಗಳವಾರ ಸಂಜೆ ಹಿಂದಿನ ಗೇಟಿನಿಂದ ಅವಳನ್ನು ಮೆಲ್ಲಗೆ ನಡೆಸಿಕೊಂಡು ಬಂದೆ.

"ನೀನಿದ್ದೆ ಅನ್ನೋ ಗುರುತೇ ಇರಬಾರದು," ಎಂದೆ.

"ನಂಗೇ ಹೇಳ್ಕೊಡ್ತೀಯಾ?" ಎಂದು ನಕ್ಕು ಬಾಗಿಲು ಹಾಕಿಕೊಂಡಳು. ನಾನು ಹೊರಗಿನ ಸೋಫಾದ ಮೇಲೆ ಬಿದ್ದುಕೊಂಡೆ.

ಬೆಳಗ್ಗೆ ನೋಡಿದರೆ ಹಾಸಿಗೆ ಹಾಸಿ ಮುಗಿಸಿ, ಗೋಡೆ ಹಿಡಿದು ನಿಂತಿದ್ದಳು. ಅವಳನ್ನು ಮನೆ ಮುಟ್ಟಿಸಿ, ಬೆಡ್‌ಶೀಟು ಬದಲಾಯಿಸೋಣವೆಂದು ಹನ್ನೊಂದಕ್ಕೆ ಬಂದರೆ ಮಂಚದ ಪಕ್ಕದಲ್ಲಿ ಅಮ್ಮಾವ್ರು.

"ಈ ಹಾಸಿಗೆ ಯಾರು ಹಾಸಿದ್ದು?"

"ನಾನೇ ಅಮ್ಮಾವ್ರೇ."

"ನಿನ್ನ ಹಾಸಿಗೆ ನಾನು ನೋಡಿಲ್ವಾ?"

ಆಗ ಹಾಸಿಗೆಯನ್ನು ಸರಿಯಾಗಿ ನೋಡಿದೆ. ಬೆಡ್‌ಶೀಟಿನ ಮೂಲೆಗಳು ಪೊಟ್ಟಣ ಕಟ್ಟಿದಷ್ಟು ಬಿಗಿಯಾಗಿ, ಎರಡೆರಡು ಓರೆ ಮಡಿಕೆಯಲ್ಲಿ ಒಳಗೆ ಸೇರಿದ್ದವು. ದಿಂಬಿನ ಗವಸಿನ ಬಾಯಿ ಬಾಗಿಲಿಗೆ ಬೆನ್ನು ಮಾಡಿತ್ತು. ಗುರುತು ಅಳಿಸಲು ಹೋಗಿ ಮುದುಕಿ ತನ್ನ ರುಜು ಹಾಕಿ ಹೋಗಿದ್ದಳು.

"ಚಿಕ್ಕವಳಿದ್ದಾಗ ನನ್ನ ಹಾಸಿಗೆ ಹೀಗೇ ಇರೋದು," ಎಂದರು ಅಮ್ಮಾವ್ರು. "ಕಾಲು ತೂರಿಸೋಕೆ ಒದೀಬೇಕಿತ್ತು. ಹೇಗಿದಾಳೆ ಅವಳು?"

"ಜಾಸ್ತಿ ದಿನ ಇಲ್ಲ." ಮುಚ್ಚಿಡುವುದು ಇನ್ನೇನೂ ಇರಲಿಲ್ಲ, ಎಲ್ಲ ಹೇಳಿದೆ.

"ನನ್ನ ಕೇಳ್ಬಾರ್ದಿತ್ತಾ?"

"ನೀವು ಇಲ್ಲ ಅಂದಿದ್ರೆ?"

"ಅಂತಿದ್ದೆನೇನೋ," ಎಂದರು.

ಇನ್ನು ಕೆಲಸ ಹೋಯಿತು ಅಂದುಕೊಂಡೇ ಬೆಡ್‌ಶೀಟು ಎಳೆಯಲು ಬಗ್ಗಿದೆ. ಕೈ ಅಲ್ಲೇ ನಿಂತಿತು. ಇಸ್ತ್ರಿಯ ಗೆರೆಗಳು ತಲೆಯಿಂದ ಕಾಲಿನವರೆಗೆ ಹಾಗೇ ಇದ್ದವು. ದಿಂಬಿನಲ್ಲಿ ತಗ್ಗಿಲ್ಲ, ಒಂದು ಕೂದಲಿಲ್ಲ. ಕಿಟಕಿಯ ಬಳಿ ಮರದ ಕುರ್ಚಿ, ಅದರ ಮೇಲೆ ಅವಳ ಶಾಲು ಮರೆತುಹೋಗಿತ್ತು. ಅಷ್ಟು ಆಸೆಪಟ್ಟು ಬಂದವಳು, ರಾತ್ರಿಯೇ ತನ್ನ ಕೈಯಾರೆ ಹಾಸಿದ ಹಾಸಿಗೆ ಕೆಡಿಸಲಾರದೆ ಬೆಳಗಿನವರೆಗೂ ಕೂತೇ ಇದ್ದಳು.

ಅಮ್ಮಾವ್ರು ಶಾಲನ್ನು ನೋಡಿದರು, ದಿಂಬನ್ನು ನೋಡಿದರು.

"ಇವತ್ತು ಇಲ್ಲಿಗೆ ಬರೋರಿಗೆ ಐದನೇ ಕಾಟೇಜು ಕೊಡ್ತೀನಿ. ಅವಳನ್ನ ಕರ್ಕೊಂಡು ಬಾ, ಮುಂದಿನ ಗೇಟಿಂದ. ಹಾಸಿಗೆ ಮಾತ್ರ ನೀನು ಹಾಸು."

"ನಂಗೆ ಆ ಥರ ಬರಲ್ಲ ಅಮ್ಮಾವ್ರೇ. ದೊಡ್ಡಮ್ಮ ನೂರು ಸಲ ಹೇಳ್ಕೊಡೋಕೆ ಬಂದ್ರೂ ನಾನೇ ಕಲೀಲಿಲ್ಲ."

"ಅದಕ್ಕೇ ಹೇಳಿದ್ದು."

ಮಧ್ಯಾಹ್ನ ದೊಡ್ಡಮ್ಮ ನನ್ನ ತೋಳು ಹಿಡಿದು ಒಳಗೆ ಬಂದಳು. ಸೊಟ್ಟ ಮೂಲೆ, ನೇತಾಡುವ ಅಂಚು ನೋಡಿ ಲೊಚಗುಟ್ಟಿದಳು.

"ಇದೇನೇ, ಎಮ್ಮೆ ಹೊರಳಾಡಿದ ಹಾಗಿದೆ," ಎಂದು ಬೈಯುತ್ತಲೇ ಹತ್ತಿ ಮಲಗಿದಳು.