ಆಯಿ ಬರೆದುಕೊಟ್ಟ ಕಾಗದ

ನಮ್ಮ ಇಂಡಿ ತಾಲ್ಲೂಕಿನ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಬೀದರಿನಲ್ಲಿ ಮರಾಠಿ ಮಾತಾಡುವ ಮನೆಗಳಲ್ಲಿ ಹೆತ್ತ ತಾಯಿಗೆ ಆಯಿ ಅನ್ನುತ್ತಾರೆ. ಗಲ್ಲಿಯ ಹಿರಿಯ ಹೆಂಗಸಿಗೂ, ಅವಳಿಗೆ ಮಕ್ಕಳಿರಲಿ ಬಿಡಲಿ, ಮರ್ಯಾದೆಗೆ ಆಯಿ ಅನ್ನುತ್ತಾರೆ. ಮದುವೆಯಾಗಿ ಬಂದು ಹದಿನೆಂಟು ವರ್ಷ ಈ ಊರಿನ ನೀರು ಕುಡಿದ ನನಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಆ ಭಾನುವಾರ ನನ್ನ ಬೆರಳು ತವರಿನ ಮಾತು ಕೇಳಿತು.

ನಾನು ಅಂಗನವಾಡಿ ಟೀಚರ್. ಸರಕಾರಕ್ಕೆ ಯಾರನ್ನಾದರೂ ಎಣಿಸಬೇಕು ಅನಿಸಿದಾಗಲೆಲ್ಲ ಮೊದಲು ನೆನಪಾಗುವುದು ನಾವೇ. ಆ ವರ್ಷ ಬೀದರಿನ ಹೊರಗಿನ ಕೊಳಾರದ ಕಾರ್ಖಾನೆಗಳಿಗೆ ಹೋಗುವ ತಾಯಂದಿರಿಗಾಗಿ ನಮ್ಮ ಮೈಲೂರಿನಲ್ಲಿ ಕೂಸಿನ ಮನೆ ತೆರೆಯುವುದಿತ್ತು. ಬೆಳಿಗ್ಗೆ ಎಂಟಕ್ಕೆ ಕೂಸನ್ನು ಬಿಟ್ಟರೆ ಸಂಜೆ ಆರಕ್ಕೆ ಕರೆದೊಯ್ಯಬಹುದು. ಹಾಲು, ಊಟ, ತೊಟ್ಟಿಲು, ನೋಡಿಕೊಳ್ಳಲು ಇಬ್ಬರು ಹೆಂಗಸರು, ಎಲ್ಲ ಸರಕಾರದ್ದೇ. ಸೀಟು ಇಪ್ಪತ್ತೈದು, ಕೇಳಿದವರು ನೂರಕ್ಕೂ ಮೇಲೆ. ಹಾಗಾಗಿ ಮನೆಯಲ್ಲಿ ಹಿರಿಯರಿಲ್ಲದ ಕೂಸುಗಳಿಗೆ ಮೊದಲ ಸರದಿ ಎಂದು ನಿಯಮ ಮಾಡಿದರು. ಮನೆಮನೆಗೆ ಹೋಗಿ ಮೊಬೈಲಿನಲ್ಲಿ ಅದನ್ನು ತುಂಬಬೇಕಿತ್ತು. ನನಗೆ ಬಿದ್ದ ಗಲ್ಲಿ ನನ್ನದಲ್ಲ, ಅಲ್ಲಿಯ ಟೀಚರ್ ಹೆರಿಗೆ ರಜೆಯಲ್ಲಿದ್ದಳು.

ಆ ಭಾನುವಾರದ ಹದಿನೇಳನೆಯ ಮನೆ ಕೇತಕಿಯದು. ಇಪ್ಪತ್ತಮೂರು ವರ್ಷದ ಹುಡುಗಿ, ಕೊಳಾರದಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಅಶ್ವಜಿತ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಒಂದು ವರ್ಷ ಎರಡು ತಿಂಗಳ ಮಗಳು ಸಾನಿಕಾ ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿಯ ತೊಡೆಯಲ್ಲಿ ಕೂತು ಅವರ ಬಳೆ ಎಳೆಯುತ್ತಿತ್ತು.

"ಹಗಲೆಲ್ಲ ಕೂಸಿನ್ನ ಯಾರು ನೋಡ್ತಾರವ್ವಾ?" ಎಂದು ಕೇಳಿದೆ.

"ಆಯಿ ನೋಡ್ತಾರ್ರಿ ಟೀಚರ್," ಎಂದಳು ಕೇತಕಿ, ಕಟ್ಟೆಯ ಕಡೆ ಕೈ ಮಾಡಿ.

ಬಿಸಿಲು ನೆತ್ತಿ ಸುಡುತ್ತಿತ್ತು, ಮೊಬೈಲಿನ ಬ್ಯಾಟರಿ ಮುಗಿಯಲು ಬಂದಿತ್ತು. ಹಿರಿಯರು ಇದ್ದಾರೆ, ಅಜ್ಜಿ, ಎಂದು ಒತ್ತಿ ಮುಂದಿನ ಮನೆಗೆ ನಡೆದೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಪಟ್ಟಿ ಬಂದಾಗ ಸಾನಿಕಾಳ ಹೆಸರು ಅದರಲ್ಲಿರಲಿಲ್ಲ. ಎರಡನೆಯ ದಿನ ಕೇತಕಿ ನನ್ನ ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದಳು. ಜಗಳ ತೆಗೆಯಲು ಬಂದಿದ್ದಾಳೆ ಎಂದುಕೊಂಡು ನಾನೂ ಸೆರಗು ಬಿಗಿದು ತಯಾರಾದೆ. ಆದರೆ ಅವಳ ದನಿ ಏರಲೇ ಇಲ್ಲ.

"ನನ್ನ ಅತ್ತಿ ಭಾಲ್ಕಿ ಕಡೆ, ಖಟಕ ಚಿಂಚೋಳಿದಾಗ ಇರ್ತಾರ್ರಿ. ದಿನಾ ಹೊಲದ ಕೂಲಿಗಿ ಹೋಗ್ತಾರ. ನನ್ನ ಹಡದಾಕಿ ತೀರಿಕೊಂಡು ಆರು ವರ್ಷ ಆತು. ನಮ್ಮ ಮನ್ಯಾಗ ಅಜ್ಜಿ ಎಲ್ಲಿಂದ ಬಂದ್ಲ್ರಿ?"

"ಕಟ್ಟೀ ಮ್ಯಾಲಿದ್ದ ಆಯಿ?"

"ಅವ್ರು ಅಂಬೂಬಾಯಿರೀ. ಬಾಜೂ ಮನ್ಯಾವ್ರು. ಎಲ್ಲಾರೂ ಆಯಿ ಅಂತೇವಿ. ಕೂಸು ಎರಡು ತಿಂಗಳಿದ್ದಾಗಿಂದ ಅವ್ರೇ ನೋಡ್ಯಾರ. ಒಂದು ಪೈಸಾ ತೊಗೊಂಡಿಲ್ಲ."

ಆಮೇಲೆ ಉಳಿದದ್ದನ್ನೂ ಹೇಳಿದಳು. ಅಂಬೂಬಾಯಿಯ ಎರಡೂ ಕಣ್ಣಿಗೆ ಮೋತಿಬಿಂದು ಬಂದು ಪರದೆ ಬೆಳೆದಿತ್ತು. ಹಿಂದಿನ ವಾರ ಕೂಸು ಕಟ್ಟೆ ಇಳಿದು ಅಂಬೆಗಾಲಿನಲ್ಲಿ ರಸ್ತೆಗೆ ಹೋದದ್ದು ಅವರಿಗೆ ಕಾಣಲೇ ಇಲ್ಲ. ಆಟೋದವನು ಸಮಯಕ್ಕೆ ಬ್ರೇಕ್ ಒತ್ತಿದ್ದರಿಂದ ಉಳಿಯಿತು. ಅಂದಿನಿಂದ ಮುದುಕಿ ಅನ್ನ ಸರಿಯಾಗಿ ತಿಂದಿಲ್ಲ, "ನನ್ನ ಕೈಯಾಗ ಕೂಸು ಬ್ಯಾಡ" ಎಂದು ಅಳುತ್ತಾರೆ. ಕೇತಕಿ ಐದು ದಿನ ರಜೆ ಹಾಕಿದ್ದಾಳೆ. ಇನ್ನೊಂದು ರಜೆ ಹಾಕಿದರೆ ಬರುವುದೇ ಬೇಡ ಎಂದು ಸೂಪರ್‌ವೈಸರ್ ಹೇಳಿದ್ದಾನೆ. ಸೀಟು ಸಿಕ್ಕರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಸಿಟ್ಟಿನ ಹೆಂಗಸಾಗುತ್ತೇನೆ, ಅದು ನನ್ನ ಹಳೆಯ ರೋಗ. ಅದೇ ಸಿಟ್ಟಿನಲ್ಲಿ ಆಫೀಸಿಗೆ ಹೋಗಿ, ತಪ್ಪು ನನ್ನದು, ತಿದ್ದಿ ಕೊಡಿ ಎಂದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರೇ. ಅಜ್ಜಿ ಇದ್ದಾಳೆ ಎಂದು ಒಮ್ಮೆ ದಾಖಲಾದ ಮೇಲೆ, ತಾನು ಅಜ್ಜಿಯಲ್ಲ ಎಂದು ಆ ಹೆಂಗಸೇ ಬರೆದುಕೊಡಬೇಕು, ಮಾದರಿ ಹೀಗಿದೆ, ಎಂದು ಒಂದು ಹಾಳೆ ತೋರಿಸಿದರು. ನನ್ನ ಅಕ್ಷರ ದುಂಡಗೆ. ಅಲ್ಲೇ ಬೆಂಚಿನ ಮೇಲೆ ಕೂತು ನಕಲು ಮಾಡಿಕೊಂಡೆ.

ಸಂಜೆ ಐದಕ್ಕೆ ಅಂಬೂಬಾಯಿಯ ಕಟ್ಟೆಗೆ ಹೋದೆ. ತೆಳ್ಳನೆಯ ಮುದುಕಿ, ಹಸಿರು ಕಚ್ಚೆ ಸೀರೆ, ಹಣೆಯ ಮೇಲೆ ಹಚ್ಚೆಯ ಚುಕ್ಕೆ. ಕೂಸು ಅವರ ಮಗ್ಗುಲಲ್ಲೇ ಮಲಗಿತ್ತು. ಕೇತಕಿ ರಸ್ತೆಯ ಕಡೆ ಗೋಡೆಯಂತೆ ಕೂತಿದ್ದಳು.

"ಓದ್ರಿ," ಎಂದರು ಆಯಿ.

ಓದಿದೆ. "ಸದರಿ ಮಗುವಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ. ಸದರಿ ಮಗುವಿನ ಪಾಲನೆಯ ಹೊಣೆ ನನ್ನದಾಗಿರುವುದಿಲ್ಲ. ಇದನ್ನು ಸ್ವಂತ ಇಚ್ಛೆಯಿಂದ ಬರೆದುಕೊಟ್ಟಿರುತ್ತೇನೆ."

"ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದೆ. ಪುಸ್ತಕದ ಕನ್ನಡ ತಿಳಿಯಲಿಲ್ಲವೇನೋ ಎಂದು ಕೇತಕಿ ಮರಾಠಿಯಲ್ಲಿ ಹೇಳಲು ಹೋದಳು. ಆಯಿ ಕೈ ಎತ್ತಿ ತಡೆದರು.

"ತಿಳೀತವ್ವಾ. ಇದು ಸೋಡಚೀಟಿ. ನಾ ಒಂದು ಸಲ ಕೇಳೀನಿ."

ಸೋಡಚೀಟಿ ಅಂದರೆ ಗಂಡ ಹೆಂಡತಿಯನ್ನು ಬಿಡುವಾಗ ಬರೆಯುವ ಕಾಗದ. ಗಂಡನ ಮನೆಯ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತು ಅದನ್ನು ಓದಿ ಹೇಳಿದಾಗ ಅವರಿಗೆ ಹತ್ತೊಂಬತ್ತು ವರ್ಷವಂತೆ. ಮಕ್ಕಳಾಗಲಿಲ್ಲ ಎಂಬುದೊಂದೇ ಕಾರಣ. ಅಂದಿನಿಂದ ಗಂಡನ ಬಾಗಿಲು ತುಳಿದಿಲ್ಲ, ಆತ ಸತ್ತಾಗಲೂ ಹೋಗಲಿಲ್ಲ. ಇದನ್ನೆಲ್ಲ ಅವರು ಬೇರೆ ಯಾರದೋ ಸಂಗತಿ ಎಂಬಂತೆ ಹೇಳಿದರು.

"ಆಗ ಹೆಬ್ಬಟ್ಟ ಒತ್ತಿದ್ದೆ. ಈಗ ಸಹಿ ಮಾಡ್ಲಾಕ ಬರ್ತದ್ರಿ. ರಾತ್ರಿ ಸಾಲಿದಾಗ ಕಲ್ತೀನಿ."

"ಇದು ಹಂಗಲ್ರಿ ಆಯಿ, ಬರೇ ಆಫೀಸಿನ ಕಾಗದ," ಎಂದೆ. ಆಯಿ ಎಂದು ಕರೆಯುತ್ತಲೇ ಆಯಿ ಅಲ್ಲ ಎಂದು ಬರೆಸಿಕೊಳ್ಳುತ್ತಿದ್ದೇನೆ ಎಂಬುದು ನನಗೆ ಆಗ ಹೊಳೆಯಲೂ ಇಲ್ಲ. ಅವರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಅಂಬೂಬಾಯಿ ಎಂದು ಬರೆದರು. ಕೊನೆಯ ಅಕ್ಷರ ಗೆರೆ ದಾಟಿ ಹೋಯಿತು.

"ಸಾಹೇಬ್ರು ನೋಡ್ಲಾಕ ಬರ್ತಾರೇನ್ರಿ?"

ನನಗೆ ಮನೆಗೆ ಹೋಗಿ ರೊಟ್ಟಿ ಬಡಿಯುವ ಅವಸರ. "ಬಂದ್ರೂ ಬರಬಹುದು. ಕೂಸು ನಿಮ್ಮ ತೊಡೀ ಮ್ಯಾಲ ಇದ್ರ ಮತ್ತ ಅಜ್ಜಿ ಅಂತ ಬರ್ಕೋತಾರ. ನೀವು ಸ್ವಲ್ಪ ದೂರ ಇರ್ರಿ," ಎಂದು ಚಪ್ಪಲಿ ಮೆಟ್ಟಿದೆ. ಪಟ್ಟಿ ಪಕ್ಕಾ ಆಗುವ ತನಕ, ಹೆಚ್ಚೆಂದರೆ ಒಂದು ವಾರ, ಎಂಬುದು ನನ್ನ ಮನಸ್ಸಿನಲ್ಲಿತ್ತು. ಬಾಯಲ್ಲಿ ಬರಲಿಲ್ಲ.

ಸೀಟು ಸಿಕ್ಕಿತು. ಕೇತಕಿ ಫೋನು ಮಾಡಿ ಉಪಕಾರವಾಯಿತು ಎಂದಳು. ನಾನು ಮಾಡಿದ ಗಾಯಕ್ಕೆ ನಾನೇ ಮುಲಾಮು ಹಚ್ಚಿ ಶಹಬ್ಬಾಸ್ ಅನ್ನಿಸಿಕೊಂಡೆ.

ಐದು ತಿಂಗಳ ಮೇಲೆ ಕೇತಕಿ ಸಂತೆಯಲ್ಲಿ ಸಿಕ್ಕಳು. ಮೈಕೈ ತುಂಬಿಕೊಂಡಿದ್ದಳು, ಕೆಲಸ ಕಾಯಂ ಆಗಿತ್ತು. ಸಾನಿಕಾ ಈಗ ಓಡುತ್ತದೆ, ಕೂಸಿನ ಮನೆಯಲ್ಲಿ ಮೊದಲು ತಟ್ಟೆ ಖಾಲಿ ಮಾಡುವುದು ಅದೇ. ಮೊದಲೆಲ್ಲ ಅಂಬೂಬಾಯಿ ಕೇತಕಿ ಎಂದು ಕರೆಯುವುದನ್ನು ಕೇಳಿ ತಾಯಿಗೆ 'ಕೇಕಿ' ಅನ್ನುತ್ತಿದ್ದದ್ದು, ಅಲ್ಲಿಯವರು ತಿದ್ದಿ ತಿದ್ದಿ ಈಗ ಚೆಂದಾಗಿ ಆಯಿ ಅನ್ನುತ್ತದಂತೆ. ನಕ್ಕೆ.

"ಅಂಬೂಬಾಯಿ ಹ್ಯಾಂಗ ಇದ್ದಾರ?" ಎಂದೆ.

ಅವಳ ಮುಖ ಇಳಿಯಿತು. "ಅವ್ರು ಇಲ್ಲಿ ಇಲ್ಲರೀ. ಔರಾದಕ್ಕ ಹೋಗ್ಯಾರ, ಅಣ್ಣನ ಮಗನ ಮನಿಗಿ. ನಾಕು ತಿಂಗಳಾತು."

ಕಾಗದಕ್ಕೆ ಸಹಿ ಹಾಕಿದ ದಿನದಿಂದಲೇ ಆಯಿ ಕೂಸನ್ನು ಮುಟ್ಟಿರಲಿಲ್ಲ. ಸಂಜೆ ಕೂಸಿನ ಮನೆಯಿಂದ ಬಂದ ಕೂಡಲೇ ಸಾನಿಕಾ ಅವರ ಬಾಗಿಲಿಗೆ ಹೋಗಿ ಅಂಗೈಯಿಂದ ಬಡಿಯುತ್ತ ಆಯಿ, ಆಯಿ ಎಂದು ಕೂಗುತ್ತಿತ್ತು. ಒಳಗೇ ಇದ್ದರೂ ಆಯಿ ಬಾಗಿಲು ತೆರೆಯುತ್ತಿರಲಿಲ್ಲ. ಹೀಗೆ ಒಂದು ತಿಂಗಳು. ಆಮೇಲೆ ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದರು.

"ಸಿಟ್ಟಾಗ್ಯಾರಂತ ತಿಳ್ಕೊಂಡು ನಾನೂ ಸಿಟ್ಟಾದೆ ಟೀಚರ್. ಹೋಗೋ ಮುಂದ ಒಂದೇ ಮಾತಂದ್ರು. ಬರದು ಕೊಟ್ಟೀನಿ, ಕೂಸಿನ ದನಿ ಕೇಳ್ಕೋತ ಇಲ್ಲೇ ಇದ್ರ ಮಾತು ಮುರೀತೇನಿ, ಅಂದ್ರು. ನನಗ ಅರ್ಥ ಆಗ್ಲಿಲ್ಲ."

ನನಗೆ ಅರ್ಥವಾಯಿತು. ಕೈಯಲ್ಲಿದ್ದ ಮೆಂತ್ಯ ಸೊಪ್ಪನ್ನು ಚೀಲಕ್ಕೆ ಹಾಕುವುದನ್ನೂ ಮರೆತು ನಿಂತೆ. ನಾನು ಒಂದು ವಾರಕ್ಕೆ ಹೇಳಿದ್ದನ್ನು ಆಕೆ ಜೀವಮಾನಕ್ಕೆ ಕೇಳಿಸಿಕೊಂಡಿದ್ದರು. ಆಕೆಗೆ ಗೊತ್ತಿದ್ದ ಕಾಗದ ಅದೊಂದೇ, ಸಹಿ ಹಾಕಿದ ಮೇಲೆ ಬಾಗಿಲು ತುಳಿಯದ ಕಾಗದ. ನನ್ನ ದುಂಡನೆಯ ಅಕ್ಷರಕ್ಕೆ ಬೆಂಕಿ ಬೀಳಲಿ ಅನ್ನಿಸಿತು.

ಭಾನುವಾರ ಮೂವರೂ ಔರಾದದ ಬಸ್ಸು ಹಿಡಿದೆವು. ಸಂತಪೂರ ದಾಟುವ ತನಕ ಸಾನಿಕಾ ಕಿಟಕಿಯಿಂದ ಎಮ್ಮೆಗಳನ್ನು ಕರೆಯುತ್ತಿತ್ತು, ಆಮೇಲೆ ನಿದ್ದೆ ಹೋಯಿತು. ಕೇತಕಿ ಹೊಸ ಲಂಗ ಹಾಕಿಸಿ ಜುಟ್ಟು ಕಟ್ಟಿದ್ದಳು. ಆಯಿಗೆ ಕಾಣಲಿಕ್ಕಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಅಣ್ಣನ ಮಗ ಭಾಲಚಂದ್ರ ಸಭ್ಯ ಮನುಷ್ಯ. ನೀರು ಕೊಟ್ಟು ಕೂರಿಸಿದ. "ಕಣ್ಣಿನ ಆಪರೇಷನ್ ಮಾಡಸ್ತೇನಂದ್ರ ಒಲ್ಲೆ ಅಂತಾಳ್ರಿ ಅತ್ತಿ. ಇನ್ನ ನೋಡೋದು ಏನದ, ಅಂತಾಳ," ಎಂದ.

ಆಯಿ ಅಂಗಳದ ನೆರಳಿನಲ್ಲಿ ಕೂತು ಬೆರಳಿನಿಂದ ತಡವಿ ತಡವಿ ಶೇಂಗಾ ಸುಲಿಯುತ್ತಿದ್ದರು. ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದು ಗಾಬರಿಯಾದರು.

"ಸೀಟ ತೆಗದ್ರೇನ್ರಿ? ನಾ ಮುಟ್ಟಿಲ್ಲರೀ ಟೀಚರ್. ಬೇಕಾದ್ರ ಕೇತಕಿಗಿ ಕೇಳ್ರಿ."

ಅವರ ಎದುರು ನೆಲದ ಮೇಲೆ ಕೂತೆ. ಯಾರೂ ಸೀಟು ತೆಗೆದಿಲ್ಲ ಎಂದೆ. ಆ ಕಾಗದ ಹಗಲು ಹೊತ್ತಿಗೆ ಮಾತ್ರ, ತಾಯಿ ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವರಿಲ್ಲ ಎಂದು ತಿಳಿಸಲು ಮಾತ್ರ ಎಂದೆ. ದೂರ ಇರಿ ಎಂದದ್ದು ನನ್ನ ತಪ್ಪು, ಅಜ್ಜಿ ಎಂದು ಒತ್ತಿದ್ದೂ ನನ್ನ ತಪ್ಪು ಎಂದೆ. ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡು ನನಗೆ ಅಭ್ಯಾಸವಿಲ್ಲ, ಮಾತು ತೊದಲಿತು.

ಆಯಿಯ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು.

"ಹಂಗಾರ ಸಂಜಿಗಿ ಎತ್ಕೋಬಹುದಿತ್ತಾ?"

"ಹೌದ್ರಿ ಆಯಿ."

"ದಿನಾ ಬಾಗಿಲಾ ಬಡೀತಿತ್ತು," ಎಂದರು. "ನಾ ಒಳಗ ಕದಕ್ಕ ಬೆನ್ನು ಕೊಟ್ಟು ಕೂಡ್ತಿದ್ದೆ. ಸಣ್ಣ ಕೈ. ಬೆನ್ನಿಗಿ ಗೊತ್ತಾಗ್ತಿತ್ತು."

ಕೇತಕಿ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಹೋಗಲಿಲ್ಲ. ಅಷ್ಟರಲ್ಲಿ ತಾಯಿಯ ಹೆಗಲ ಮೇಲೆ ಮಲಗಿದ್ದ ಸಾನಿಕಾ ಎಚ್ಚರಾಗಿ, ಹೊಸ ಜಾಗ, ಅಳುವ ಹೆಂಗಸರನ್ನು ಕಂಡು ಬೆದರಿತು.

"ಆಯಿ," ಎಂದಿತು. "ಆಯಿ."

ಮುದುಕಿಯ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಗಡಬಡಿಸಿ ಶೇಂಗಾದ ಧೂಳನ್ನು ಸೀರೆಗೆ ಒರೆಸಿಕೊಂಡು ಎರಡೂ ಕೈ ಚಾಚಿದರು.

"ಓ ಬಾಳಾ. ಬಾ, ಇಲ್ಲೇ ಇದ್ದೀನಿ."

ಕೂಸು ಆ ಕೈಗಳನ್ನು ನೋಡಿತು. ಮುಖ ತಿರುಗಿಸಿ ಕೇತಕಿಯ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡು ಮತ್ತೆ ಜೋರಾಗಿ ಆಯಿ, ಆಯಿ ಎಂದು ಅತ್ತಿತು. ಕೇತಕಿ ಬಗ್ಗಿ ಅದನ್ನು ಅವರ ತೊಡೆಯ ಮೇಲೆ ಇಳಿಸಲು ನೋಡಿದಳು. ಅದು ಕಾಲು ಝಾಡಿಸಿ ಚೀರಿತು.

ಕಣ್ಣು ಕಾಣದಿದ್ದರೂ ದನಿ ಯಾವ ಕಡೆಗೆ ಹೋಗುತ್ತಿದೆ ಎಂಬುದು ಆಯಿಗೆ ತಿಳಿಯಿತು. ಯಾರನ್ನು ಕರೆಯುತ್ತಿದೆ ಎಂಬುದೂ ತಿಳಿಯಿತು. ಚಾಚಿದ ಕೈಗಳನ್ನು ನಿಧಾನವಾಗಿ ತಂದು ಮಡಿಲಲ್ಲಿ ಇಟ್ಟುಕೊಂಡರು.

"ಬ್ಯಾಡವ್ವಾ, ಅಳಸಬ್ಯಾಡ. ಹಡದಾಕಿಗೆ ಆಯಿ ಅಂತದ, ಚೊಲೊ ಆತು," ಎಂದರು.

ಆಮೇಲೆ ನನ್ನ ಕಡೆ ಮುಖ ಮಾಡಿದರು.

"ನಿಮ್ಮ ಕಾಗದ ಖರೇ ಆತು ನೋಡ್ರಿ ಟೀಚರ್."

ಸಿಟ್ಟಿನಿಂದ ಅಂದಿದ್ದರೆ ನಾನು ತಲೆ ತಗ್ಗಿಸಿ ಕೇಳಿಸಿಕೊಂಡು ಬರುತ್ತಿದ್ದೆ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ದೊಡ್ಡ ಹೆದರಿಕೆಯೊಂದು ಇಳಿದ ಸಮಾಧಾನವಿತ್ತು.

"ಇನ್ನ ಯಾವ ಸಾಹೇಬ್ರು ಬಂದ್ರೂ ಫಿಕರ್ ಇಲ್ಲ," ಎಂದು ಮತ್ತೆ ಶೇಂಗಾ ತಡವತೊಡಗಿದರು. "ಕೂಸಿನ ಸೀಟ ಯಾರೂ ತೆಗಿಯಲ್ಲ."