ಕಪ್ಪೆಯ ಒಕ್ಕಲು

"ಏಳೇ ಮುಂಡೇದೇ ಆಚೆಗೆ! ಇದೇನು ನಿಮ್ಮಪ್ಪ ಕಟ್ಟಿಸಿದ ಛತ್ರಾನಾ?"

ಅತ್ತೆ ಬೈಯುತ್ತಿದ್ದುದು ನನ್ನನ್ನಲ್ಲ, ಮಣ್ಣಿನೊಳಗಿನ ಕಪ್ಪೆಯನ್ನು. ಇಟ್ಟಿಗೆಗೆ ಮಣ್ಣು ತುಳಿಯುವ ಮುಂಚೆ ಗುಡ್ಡೆಯ ನೆತ್ತಿಗೆ ಅಂಗೈಯಿಂದ ಪಟಪಟ ಬಡಿಯುವುದು ನಮ್ಮ ರೂಢಿ. ಮಳೆ ಬಂತೆಂದುಕೊಂಡು ಒಳಗೆ ಹುದುಗಿದ ಕಪ್ಪೆ ಹೊರಗೆ ಬರುತ್ತದೆ. ಬಾರದಿದ್ದರೆ ಕಾಲಡಿಗೆ ಸಿಕ್ಕಿ ಸಾಯುತ್ತದೆ. ಆ ಪಾಪ ಇಟ್ಟಿಗೆಯೊಳಗೆ ಸೇರಿ ಯಾರದೋ ಮನೆಯ ಗೋಡೆಯಾಗುತ್ತದೆ ಎಂದು ಅತ್ತೆಯ ನಂಬಿಕೆ.

ಕಪ್ಪೆ ಬಂತು. ಹೆಬ್ಬೆರಳಿನಷ್ಟು ಗಾತ್ರ, ಹಸಿ ಇಟ್ಟಿಗೆಯ ಬಣ್ಣ, ಬೆನ್ನ ಮೇಲೊಂದು ಹಳದಿ ಗೆರೆ. ಅತ್ತೆ ಅದಕ್ಕೆ ಕೈಮುಗಿದು ಹೊಂಡದ ನೀರಿಗೆ ಬಿಟ್ಟಳು. ಬೈಗುಳ, ನಮಸ್ಕಾರ ಎರಡೂ ಅವಳಿಗೆ ಒಂದೇ ಉಸಿರಿನವು.

"ಏನ್ರೇ, ಪೂಜೆ ಮುಗೀತಾ?" ದಡದ ಮೇಲೆ ಧಣಿ ನಿಂತಿದ್ದ. "ಮುಂದಿನ ವಾರ ಲಾರಿ ಬರ್ತವೆ. ಹೊಂಡ ಮುಚ್ಚಿಸಿ ಕಟ್ಟಡ ಏಳಿಸ್ತೀನಿ. ದಡದ ಮೇಲಿನ ಗುಡಿಸಲು ನೀವಾಗೇ ಕಿತ್ಕೊಂಡ್ರೆ ಸರಿ, ಇಲ್ದಿದ್ರೆ ನಿಮ್ಮನ್ನೂ ಸೇರಿಸೇ ಮುಚ್ಚಿಸ್ತೀನಿ."

"ಎಲ್ಲಿಗೆ ಹೋಗೋದು ಧಣಿ?"

"ಕಪ್ಪೆ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗಿ. ಅದೇನು ನನ್ನ ಕೇಳುತ್ತಾ?"

ಕಪ್ಪೆಯ ಪರವಾಗಿ ಕೇಳಿದ್ದು ನಮ್ಮ ಕಪ್ಪೆ ಮೇಡಂ. ಕಪ್ಪೆಗಳ ಬಗ್ಗೆ ಓದಿದ ಹೆಣ್ಣುಮಗಳು. ಹೊಂಡದ ದಡದಲ್ಲಿ ಮೊಣಕಾಲೂರಿ ಫೋಟೋ ತೆಗೆಯುತ್ತಿದ್ದವರು. ಈ ಜಾತಿ ಬೇರೆಲ್ಲೂ ಇಲ್ಲ, ಕಾನೂನಿನ ರಕ್ಷಣೆ ಕೊಡಿ ಎಂದು ಅರ್ಜಿ ಹಾಕಿದರು.

"ರಕ್ಷಣೆ ಸಿಕ್ಕಿದ್ರೆ ಹೊಂಡ ಮುಟ್ಟೋಕೆ ಯಾರಿಗೂ ಆಗಲ್ಲ ಅಜ್ಜಿ. ದಡಾನೂ ಉಳಿಯುತ್ತೆ, ದಡದ ಮೇಲಿರೋ ನೀವೂ ಉಳೀತೀರಿ."

"ನಮ್ಮ ಹೆಸರಲ್ಲೇ ಒಂದು ಅರ್ಜಿ ಹಾಕಿ ತಾಯಿ."

ಮೇಡಂ ಕನ್ನಡಕ ಒರೆಸಿಕೊಂಡರು. "ನಿಮಗೆ ಅಂಥ ಕಾನೂನು ಇಲ್ಲ."

ಅತ್ತೆ ಹೊಟ್ಟೆ ಹಿಡಿದು ನಕ್ಕಳು. "ಬಿಡು ಮತ್ತೆ. ಇಷ್ಟು ದಿನ ಧಣಿ ಒಕ್ಕಲು, ಇನ್ಮೇಲೆ ಕಪ್ಪೆ ಒಕ್ಕಲು. ಅದಾದ್ರೂ ಒದೆಯೋದಿಲ್ಲ."

ಅರ್ಜಿಯ ವಿಚಾರಣೆಯ ದಿನ ಗುಡಿಸಲಿನವರು ನಾವೆಲ್ಲ ಸರ್ಕಾರಿ ಕಚೇರಿಗೆ ಹೋದೆವು. ಜವಾನ ಬಾಗಿಲಲ್ಲೇ ತಡೆದ. "ಚಪ್ಪಲಿ ಆಚೆ ಬಿಟ್ಟು ಬನ್ನಿ."

"ಚಪ್ಪಲಿ ಎಲ್ಲಿದೆ ಮಗಾ ನಮಗೆ?"

ಅವನು ನಮ್ಮ ಕೆಸರುಗಾಲು ನೋಡಿದ. "ಹಾಗಾದ್ರೆ ಕಾಲೇ ಆಚೆ ಬಿಟ್ಟು ಬನ್ನಿ."

ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತೆವು. ಒಳಗೆ ಸಾಹೇಬರ ಮುಂದೆ ಮೇಡಂ ಫೋಟೋ ಹರಡಿದರು. ಧಣಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ್ದ.

"ಫೋಟೋ ಎಲ್ಲಿ ಬೇಕಾದ್ರೂ ತೆಗೀಬಹುದು ಸಾರ್. ದೇವರಾಣೆ ಹೇಳ್ತೀನಿ, ನನ್ನ ಹೊಂಡದಲ್ಲಿ ಅಂಥ ಕಪ್ಪೆ ಇಲ್ಲವೇ ಇಲ್ಲ."

"ಬರ್ಕೊಳ್ಳಯ್ಯ," ಎಂದರು ಸಾಹೇಬರು. ಗುಮಾಸ್ತ ಬರೆದುಕೊಂಡ.

ಅತ್ತೆ ಎದ್ದಳು. ಜವಾನನ ತೋಳಿನಡಿ ನುಸುಳಿ, ಒದ್ದೆ ಗೋಣಿಯಲ್ಲಿ ಸುತ್ತಿದ್ದ ಮಣ್ಣಿನ ಮುದ್ದೆಯನ್ನು ಸಾಹೇಬರ ಮೇಜಿನ ಮೇಲೆ ಧಪ್ಪೆಂದು ಇಟ್ಟಳು.

"ಏನೇ ಮುದುಕಿ ಇದು, ಸಗಣಿನಾ?" ಎಂದರು ಸಾಹೇಬರು.

"ನಿಮ್ಮ ಮನೆ ಗೋಡೆ ಸ್ವಾಮಿ. ಇನ್ನೂ ಹಸಿ ಇದೆ."

ಪಟಪಟ ಬಡಿದಳು. ಏನೂ ಆಗಲಿಲ್ಲ. ಧಣಿ ಕಿಸಕ್ಕೆಂದ. ಅತ್ತೆ ಕಣ್ಣು ಮುಚ್ಚಿ ಮುದ್ದೆಯತ್ತ ಬಾಗಿದಳು, ಒಳಗೆ ಯಾರನ್ನೋ ಕರೆಯುವವಳಂತೆ. ಆಮೇಲೆ ಮತ್ತೆ ಬಡಿದಳು. "ಏಳೇ ಮುಂಡೇದೇ, ಮಾನ ಕಳೀಬೇಡ!"

ಮುದ್ದೆ ಬಿರಿಯಿತು. ಎರಡು ಕಣ್ಣು, ಆಮೇಲೆ ಹಳದಿ ಗೆರೆ. ಕಪ್ಪೆ ಒಂದೇ ನೆಗೆತಕ್ಕೆ ಸಾಹೇಬರ ಮೊಹರಿನ ಪಕ್ಕ ಕೂತು ಗಂಟಲು ಮಿಡಿಸಿತು.

"ಅಯ್ಯೋ ಅಜ್ಜಿ! ಹಿಡಿಯೋ ಹಾಗಿಲ್ಲ ಅಂದಿದ್ನಲ್ಲಾ!" ಮೇಡಂ ತಲೆಮೇಲೆ ಕೈಹೊತ್ತರು.

"ನಾನೆಲ್ಲಿ ಹಿಡಿದೆ ತಾಯಿ? ಮನೆ ಸಮೇತ ಹೊತ್ಕೊಂಡು ಬಂದೆ."

ಧಣಿ ಕುರ್ಚಿ ಉರುಳಿಸಿಕೊಂಡು ಎದ್ದ. "ಕಳ್ಳಿ! ನನ್ನ ಹೊಂಡದಿಂದ ಕದ್ದು ತಂದಿದ್ದಾಳೆ! ಮಣ್ಣೂ ನಂದು, ಕಪ್ಪೇನೂ ನಂದು! ಬರ್ಕೊಳ್ಳಿ ಸಾರ್, ಒಳಗೆ ಹಾಕಿ ಈ ಬೋಳೀನ!"

ಗುಮಾಸ್ತ ಬರೆಯಲು ಹೋದವನು, ತಾನೇ ಬರೆದಿದ್ದ ಮೇಲಿನ ಸಾಲು ನೋಡಿ ನಿಂತ.

"ಬರ್ಕೊಳ್ಳಪ್ಪಾ," ಅತ್ತೆಯ ದನಿ ತಣ್ಣಗಿತ್ತು. "ಧಣಿ ಹೊಂಡದ ಕಪ್ಪೆ ಕದ್ದೋಳು ನಾನೇ. ಧಣಿ ಹೊಂಡದ್ದು ಅನ್ನೋದನ್ನ ಮಾತ್ರ ದಪ್ಪಕ್ಷರದಲ್ಲಿ ಬರಿ."

"ಜೈಲಾಗುತ್ತೆ ಮುದುಕಿ," ಎಂದರು ಸಾಹೇಬರು.

"ಆಗ್ಲಿ ಸ್ವಾಮಿ. ಅದರ ಗೋಡೆಗೂ ನಾವೇ ಮಣ್ಣು ತುಳಿದಿರೋದು."

"ಇಲ್ಲ ಸಾರ್, ಇಲ್ಲ! ಬಾಯ್ತಪ್ಪಿ ಅಂದೆ. ಅದು ನನ್ನ ಹೊಂಡದ್ದಲ್ಲ!"

"ಮತ್ತೆ ನಾನೆಲ್ಲಿಂದ ಕದ್ದೆ ಧಣಿ? ನಿನ್ನ ಹೆಂಡ್ತಿ ಸೆರಗಿಂದಾನಾ?"

ಅತ್ತೆ ಕೆಸರು ಹೆಬ್ಬೆರಳನ್ನು ಗುಮಾಸ್ತನ ಹಾಳೆಯ ಖಾಲಿ ಜಾಗದಲ್ಲಿ ಒತ್ತಿದಳು. "ಹೆಬ್ಬೆಟ್ಟು ಇದೆ. ಈಗ ಮೇಲೆ ಬರಿ."

ಸಾಹೇಬರು ಮೊಹರಿಗೆ ಕೈ ಚಾಚಿದರು; ಕಪ್ಪೆ ಅದರ ಮೇಲೇರಿ ಕೂತಿತು. ಅವರು ಕೈ ಹಿಂದಕ್ಕೆಳೆದುಕೊಂಡರು.

"ಬಾರೇ ಸೊಸೆ," ಅತ್ತೆ ತಿರುಗದೆಯೇ ಕರೆದಳು. "ಎಲ್ಲರನ್ನೂ ಕರ್ಕೊಂಡು ಬಾ. ಇವರು ಬರೆಯೋ ತನಕ ಇಲ್ಲೇ ಕೂರೋಣ."

ಜವಾನ ಬಾಗಿಲಿಗೆ ಅಡ್ಡ ನಿಂತ. ನಾವು ಎದ್ದೆವು, ಕಾಲನ್ನೂ ಒಳಗೆ ತಂದೆವು.