ಸೊಂಟಪಟ್ಟಿಯ ಒಳಜೇಬು

ಒಂದು ಬ್ರೆಡ್ಡಿನ ಬೆಲೆಯಲ್ಲಿ ಅರ್ಧ ಹಿಟ್ಟಿಗೆ ಹೋಗುತ್ತದೆ, ಕಾಲು ಸೌದೆಗೆ. ಉಳಿದ ಕಾಲಿಗೆ ಯೀಸ್ಟು, ಉಪ್ಪು, ಸಕ್ಕರೆ, ಬಾಡಿಗೆ, ಕರೆಂಟು ಎಲ್ಲವೂ ಕೈಚಾಚಿಕೊಂಡು ನಿಂತಿರುತ್ತವೆ. ಅವಕ್ಕೆಲ್ಲ ಕೊಟ್ಟು ಕಳಿಸಿದ ಮೇಲೆ ಅಚ್ಚಿನ ಅಂಚಿಗೆ ಅಂಟಿದ ಚೂರಿನಷ್ಟು ಏನಾದರೂ ಉಳಿದರೆ ಅದು ಬೇಕರಿ ನಡೆಸುವ ಬ್ರೆಡ್ಡಕ್ಕನದು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಅವಳೂ ಅವಳ ಅತ್ತೆಯೂ ಆ ಚೂರಿನಲ್ಲೇ ಬದುಕಿದ್ದರು. ಹಾಗಾಗಿ ಲೋಕದ ಯಾವ ವಸ್ತುವಿನ ಬೆಲೆ ಕೇಳಿದರೂ ಅವಳ ತಲೆಯೊಳಗೆ ಅದು ಬ್ರೆಡ್ಡಾಗಿ ಸಾಲುಗಟ್ಟುತ್ತಿತ್ತು. ಅತ್ತೆಯ ಕನ್ನಡಕ ಅರವತ್ತು ಬ್ರೆಡ್ಡು. ಭಟ್ಟಿಯ ಕಬ್ಬಿಣದ ಬಾಗಿಲು ಮುನ್ನೂರು. ಬೇಕರಿಯ ಲೈಸೆನ್ಸ್ ವರ್ಷಕ್ಕೊಮ್ಮೆ ಹೊಸದಾಗಿಸಲು ಸರ್ಕಾರಕ್ಕೆ ಕಟ್ಟಬೇಕಾದ ಫೀಸು ನಲವತ್ತು. ಅದಕ್ಕೆ ಸಹಿ ಹಾಕಲು ಲೈಸೆನ್ಸ್ ಸಾಹೇಬ ಕೇಳಿದ್ದು ಸಾವಿರದ ಇನ್ನೂರು.

"ಸಾವಿರದ ಇನ್ನೂರಾ?" ಅತ್ತೆ ನಾದುತ್ತಿದ್ದ ಹಿಟ್ಟಿನಿಂದ ಕೈ ತೆಗೆದೇಬಿಟ್ಟಿದ್ದಳು. "ಅವನ ಸಹಿ ಏನು ಬೆಣ್ಣೇಲಿ ಬರೀತಾನೇನೇ?"

ಕೊಡದಿದ್ದರೆ ಚಿಮಣಿ ಸರಿಯಿಲ್ಲ ಎಂದು ಬರೆದು ಅಂಗಡಿಗೆ ಬೀಗ ಹಾಕಿಸುತ್ತೇನೆ ಅಂದಿದ್ದ ಸಾಹೇಬ. ಬ್ರೆಡ್ಡಕ್ಕ ಎರಡು ದಿನ ಯೋಚಿಸಿ ಮೂರನೇ ದಿನ ಲಂಚಕೋರರನ್ನು ಹಿಡಿಯುವ ಪೊಲೀಸರ ಬಾಗಿಲು ತಟ್ಟಿದಳು. ಅವರು ಅವಳ ನೋಟುಗಳಿಗೆ ಕಣ್ಣಿಗೆ ಕಾಣದ ಪುಡಿ ಬಳಿದರು. ಆ ಪುಡಿ ತಗುಲಿದ ಕೈಯನ್ನು ಔಷಧಿಯ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿಯಾಗುತ್ತದೆ. ಸಾಕ್ಷಿಗೆಂದು ಒಬ್ಬ ಡ್ರಾಯಿಂಗ್ ಮೇಷ್ಟ್ರನ್ನು ಜೊತೆಗೆ ಕಳಿಸಿದರು. ಸಾಹೇಬ ಮೇಷ್ಟ್ರನ್ನು ಬಾಗಿಲಾಚೆಯೇ ನಿಲ್ಲಿಸಿದ. "ಪೂರ್ತಿ ತಂದಿದ್ದೀಯಾ?" ಎಂದದ್ದು ಮೇಷ್ಟ್ರ ಕಿವಿಗೆ ಬಿತ್ತು, ಹಣ ಕೈ ಬದಲಾದದ್ದು ಕಣ್ಣಿಗೆ ಬೀಳಲಿಲ್ಲ. ಪೊಲೀಸರು ನುಗ್ಗಿದರು, ಬ್ರೆಡ್ಡಕ್ಕನನ್ನು ಹೊರಗೆ ಕಳಿಸಿದರು, ಹಣ ಸಿಕ್ಕಿತು, ನೀರು ಗುಲಾಬಿಯಾಯಿತು. ಸಾಹೇಬ ತೊಟ್ಟಿದ್ದ ಪ್ಯಾಂಟನ್ನು ಪೊಟ್ಟಣ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡು ಅತ್ತೆ ಸೊಸೆ ಅವತ್ತು ನೆಮ್ಮದಿಯಾಗಿ ಊಟ ಮಾಡಿದ್ದರು.

ಮುಗಿಯಲಿಲ್ಲ. ಎರಡು ವರ್ಷದ ನಂತರ ವಿಚಾರಣೆ ಕೊನೆಗೆ ಬಂದಾಗ ಸರ್ಕಾರಿ ವಕೀಲೆ ಕೋರ್ಟಿನ ಜಗಲಿಯಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿಕೊಂಡರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮಾತ್ರ ಗಟ್ಟಿ.

"ಅಕ್ಕಾ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಬರೀ ಹಣ ಸಿಕ್ತು ಅಂದ್ರೆ ಸಾಲಲ್ಲ. ಅವನು ಕೇಳಿದ್ದೂ ಸಾಬೀತಾಗಬೇಕು, ಗೊತ್ತಿದ್ದೇ ತಗೊಂಡದ್ದೂ ಸಾಬೀತಾಗಬೇಕು. ಅವನು ಹೇಳ್ತಿರೋದೇನು? 'ಪೂರ್ತಿ ತಂದಿದ್ದೀಯಾ ಅಂದಿದ್ದು ಕಾಗದಪತ್ರ. ಚಿಮಣಿ ವಿಷಯದ ಸಿಟ್ಟಿಗೆ, ನಾನು ಫೈಲ್ ಹುಡುಕೋಕೆ ಬಗ್ಗಿದಾಗ, ಈ ಹೆಂಗಸು ಪ್ಯಾಂಟಿನ ಪಕ್ಕದ ಜೇಬಿಗೆ ನೋಟು ತುರುಕಿದಳು. ಏನೋ ಅಂತ ಮುಟ್ಟಿ ನೋಡಿಕೊಂಡೆ, ಕೈಗೆ ಪುಡಿ ಹತ್ತಿತು.'"

"ಸುಳ್ಳು!"

"ಸುಳ್ಳೇ. ಆದ್ರೆ ಪೊಲೀಸರು ಪ್ಯಾಂಟಿನ ಜೇಬಿನಿಂದ ಅಂತ ಬರೆದಿದ್ದಾರೆಯೇ ಹೊರತು ಯಾವ ಜೇಬು ಅಂತ ಬರೆದಿಲ್ಲ. ನೀವೂ 'ತಗೊಂಡು ಬೀರು ಕಡೆ ತಿರುಗಿದ' ಅಂದಷ್ಟೇ ಹೇಳಿದ್ದೀರಿ. ಸಂಶಯದ ಲಾಭ ಅವನಿಗೇ."

"ಬಿಟ್ಟುಬಿಟ್ರೆ?"

"ಅದೇ ಕುರ್ಚಿಗೆ ವಾಪಸ್ ಬರ್ತಾನೆ."

ಎರಡು ವರ್ಷದಿಂದ ಬ್ರೆಡ್ಡಕ್ಕನ ಅಂಗಡಿ ನಡೆಯುತ್ತಿದ್ದದ್ದು ತಾತ್ಕಾಲಿಕ ಪರವಾನಗಿಯ ಮೇಲೆ. ಸಾಹೇಬ ಆ ಕುರ್ಚಿಗೆ ಮರಳಿದ ದಿನ ಭಟ್ಟಿಯ ಬೆಂಕಿ ಆರುತ್ತದೆ. ಅದನ್ನು ಅವಳಿಗೆ ಯಾವ ವಕೀಲರೂ ಬಿಡಿಸಿ ಹೇಳಬೇಕಿರಲಿಲ್ಲ.

ಬರುವಾಗ ದಾರಿಯಲ್ಲಿ ಟೈಲರ್ ಮಾಸ್ಟರ ಅಂಗಡಿಗೆ ಹೊಕ್ಕಳು. ಅತ್ತೆಯ ಹಳೆ ಏಪ್ರನ್ನಿನ ಪಟ್ಟಿ ಕಿತ್ತುಹೋಗಿತ್ತು. ಲೈಸೆನ್ಸ್ ಆಫೀಸಿನ ಎದುರಿಗೇ ಇದ್ದ ಆ ಅಂಗಡಿ ಎಂಟಡಿ ಅಗಲ. ಒಂದು ಮೂಲೆಯಲ್ಲಿ ಮಾಸ್ಟರ ಮಿಷನ್ನು, ಇನ್ನೊಂದು ಮೂಲೆಯಲ್ಲಿ ಗುಂಡಿಗಳಿಗೆ ಕಾಜ ಹಾಕುತ್ತ ಕೂತ ಅವರ ಹೆಂಡತಿ. ಬ್ರೆಡ್ಡಕ್ಕ ತಡೆಯಲಾರದೆ ಎಲ್ಲವನ್ನೂ ಹೇಳಿಕೊಂಡಳು. "ಪಕ್ಕದ ಜೇಬಿಗೆ ತುರುಕಿದೆನಂತೆ ಮಾಸ್ಟ್ರೇ, ನಾನು!"

ಮಿಷನ್ನಿನ ಪೆಡಲು ನಿಂತಿತು.

"ಪಕ್ಕದ ಜೇಬಿಗಾ?" ಎಂದರು ಮಾಸ್ಟರು. "ಸಾಹೇಬರ ಪ್ಯಾಂಟಿಗಾ?" ಆಮೇಲೆ ನಾಲಿಗೆ ಕಚ್ಚಿಕೊಂಡು ಮತ್ತೆ ಪೆಡಲು ತುಳಿಯತೊಡಗಿದರು.

ಹೆಂಡತಿ ಸೂಜಿ ಕೆಳಗಿಟ್ಟಳು. "ಏನ್ರೀ ಅದು? ಅರ್ಧ ಮಾತಾಡಿ ಅರ್ಧ ನುಂಗಿದ್ರಿ?"

"ಏನಿಲ್ಲ."

"ನಿಮ್ಮ ಏನಿಲ್ಲ ನನಗೆ ಗೊತ್ತಿಲ್ವಾ? ಇಪ್ಪತ್ತಾರು ವರ್ಷದಿಂದ ಕೇಳ್ತಿದ್ದೀನಿ. ಅಕ್ಕನ ಮುಖ ನೋಡಿ ಹೇಳಿ."

ಮಾಸ್ಟರು ಕಿಟಕಿಯಾಚೆ ಆಫೀಸಿನ ಗೇಟು ನೋಡಿದರು. ಅಲ್ಲಿನ ನಲವತ್ತು ಜವಾನರ ಸಮವಸ್ತ್ರ ಪ್ರತಿ ವರ್ಷ ಹೊಲಿಯುತ್ತಿದ್ದದ್ದು ಅವರೇ. ಅದೇ ಅವರ ವರ್ಷದ ಅರ್ಧ ಅನ್ನ. ಆ ಗೇಟಿನೊಳಗೆ ಸಾಹೇಬನಿಗೆ ಸ್ನೇಹಿತರು ಬೇಕಾದಷ್ಟಿದ್ದರು. ಬ್ರೆಡ್ಡಕ್ಕನಿಗೂ ಅದು ಗೊತ್ತಿತ್ತು.

"ಬೇಡ ಬಿಡಿ ಮಾಸ್ಟ್ರೇ," ಎಂದಳು ಏಪ್ರನ್ ಮಡಿಸುತ್ತ. "ನನ್ನ ಭಟ್ಟಿ ಉರೀಬೇಕು ಅಂತ ನಿಮ್ಮ ಒಲೆ ಆರಿಸೋದು ಬೇಡ."

ಆ ಮಾತಿಗೆ ಮಾಸ್ಟರು ಎದ್ದು ನಿಂತರು. ಅಟ್ಟದ ಮೇಲಿಂದ ಒಂದು ದಪ್ಪ ಅಳತೆ ಪುಸ್ತಕ ಇಳಿಸಿ ಧೂಳು ಕೊಡವಿದರು. ಹೊಲಿದ ಪ್ರತಿ ಬಟ್ಟೆಯ ಬೆರಳಗಲದ ತುಂಡನ್ನು ಅಳತೆಯ ಪಕ್ಕದಲ್ಲೇ ಪುಟಕ್ಕೆ ಹೊಲಿದಿಡುವುದು ಅವರ ಗುರು ಕಲಿಸಿದ ಪದ್ಧತಿ. ಊರಿನವರು ಅದನ್ನು ನೋಡಿ ನಗುತ್ತಿದ್ದರು. ಪುಟ ತಿರುವಿ ಒಂದು ಬೂದುಬಣ್ಣದ ತುಂಡಿನ ಮೇಲೆ ಬೆರಳಿಟ್ಟರು.

"ಓದೇ," ಎಂದರು ಹೆಂಡತಿಗೆ. ಅವರ ಕನ್ನಡಕ ಹಣೆಯ ಮೇಲಿತ್ತು. ಆದರೂ ತಾವೇ ಓದುವ ಧೈರ್ಯ ಇರಲಿಲ್ಲವೇನೋ.

ಅವಳು ಓದಿದಳು. "'ಲೈಸೆನ್ಸ್ ಸಾಹೇಬರು, ಮೂರು ಪ್ಯಾಂಟು. ಪಕ್ಕದ ಜೇಬು ಬಾಯಿ ಮಾತ್ರ, ಚೀಲ ಬೇಡ. ಸೊಂಟಪಟ್ಟಿ ಒಳಗೆ ಮುಂದೆ ಬಲಗಡೆ ಒಂದು ಜೇಬು. ಆರಿಂಚು ಆಳ, ಒಂದು ಗುಂಡಿ.'"

"ಜೇಬು ಉಬ್ಬಿ ಕಾಣಬಾರದು ಅಂದಿದ್ರು," ಎಂದರು ಮಾಸ್ಟರು. "ಪಕ್ಕದ ಜೇಬುಗಳಿಗೆ ಕೈ ಹಾಕಿದ್ರೆ ಉಗುರು ಒಳಹೋಗಲ್ಲ. ತುರುಕೋಕೆ ಅಲ್ಲಿ ಜಾಗವೇ ಇಲ್ಲ. ಒಳಜೇಬಿಗೆ ಏನಾದ್ರೂ ಇಡಬೇಕು ಅಂದ್ರೆ ಮೊದಲು ಬೆಲ್ಟು ಬಿಚ್ಚಬೇಕು."

ಬ್ರೆಡ್ಡಕ್ಕನ ಮುಖ ಭಟ್ಟಿಯ ಮುಂದೆ ನಿಂತಾಗಿನಂತೆ ಕೆಂಪಾಯಿತು. ಅವಳು ಸ್ಟೂಲಿನ ಮೇಲೆ ಕೂತಳು.

"ಅವನು ಬೆಲ್ಟಿಗೆ ಕೈ ಹಾಕಿದ್ದ," ಎಂದಳು ಮೆಲ್ಲಗೆ. "ನಾನು ನೋಡಿದೆ. ನೋಡಿದ ತಕ್ಷಣ ಗೋಡೆ ಕಡೆ ತಿರುಗಿದೆ. ಅಲ್ಲೊಂದು ಕ್ಯಾಲೆಂಡರ್ ಇತ್ತು, ತಿಂಗಳು ಮುಗಿಯೋವರೆಗಿನ ತಾರೀಕೆಲ್ಲ ಓದಿದೆ. ಗಂಡಸು ಬೆಲ್ಟು ಬಿಚ್ಚಿದ್ರೆ ನೋಡ್ಕೊಂಡು ನಿಲ್ತಾರಾ? ಕೋರ್ಟಲ್ಲಿ ಅಷ್ಟು ಜನ ಗಂಡಸರ ಮುಂದೆ ಅದನ್ನ ಹೇಗೆ ಹೇಳಲಿ? ತಿರುಗಿದ ಅಂತಷ್ಟೇ ಹೇಳಿ ಮುಗಿಸಿದೆ."

ಮಾಸ್ಟರ ಹೆಂಡತಿ ತಲೆ ಚಚ್ಚಿಕೊಂಡಳು. "ಅಯ್ಯೋ ಅಕ್ಕಾ! ನಾಚಿಕೆ ಪಡಬೇಕಾದವನು ಅವನು. ನೀವ್ಯಾಕೆ ಪಟ್ರಿ?" ಆಮೇಲೆ ಗಂಡನ ಕಡೆ ತಿರುಗಿದಳು. "ಇವರು ನಾಚಿಕೆಗೆ ಬಾಯಿ ಮುಚ್ಚಿದ್ರು. ನೀವು ನಲವತ್ತು ಸಮವಸ್ತ್ರಕ್ಕೆ ಮುಚ್ಚಿದ್ದೀರಿ. ಒಳ್ಳೆ ಜೋಡಿ ಸಾಕ್ಷಿಗಳು!"

ಮಾಸ್ಟರು ಪುಸ್ತಕವನ್ನು ಹಳೇ ಪೇಪರಿನಲ್ಲಿ ಸುತ್ತಿದರು. "ವಕೀಲಮ್ಮ ಎಲ್ಲಿ ಸಿಕ್ತಾರೆ?" ಎಂದು ಕೇಳಿದರು.

ವಕೀಲೆ ಅರ್ಜಿ ಹಾಕಿದರು. ನ್ಯಾಯಾಧೀಶರು ಇಬ್ಬರನ್ನೂ ಕರೆಸಲು ಒಪ್ಪಿದರು. ಮೊದಲು ಬ್ರೆಡ್ಡಕ್ಕ ಕಟಕಟೆ ಹತ್ತಿ, ನೆಲ ನೋಡುತ್ತ, ಬೆಲ್ಟಿನ ಸಂಗತಿಯನ್ನೂ ಕ್ಯಾಲೆಂಡರಿನ ಸಂಗತಿಯನ್ನೂ ಹೇಳಿದಳು. ಎರಡು ವರ್ಷ ಸುಮ್ಮನಿದ್ದು ಈಗ ನೆನಪಾಯಿತೇ ಎಂದು ಎದುರು ವಕೀಲರು ಕುಟುಕಿದರು. "ನೆನಪಿತ್ತು ಸ್ವಾಮಿ. ಬಾಯಿ ಬರಲಿಲ್ಲ," ಎಂದಳು. ಆಮೇಲೆ ಮಾಸ್ಟರು ಹತ್ತಿದರು. ಅಲ್ಲಿಯವರೆಗೆ ಗುರುತಿನ ಚೀಟಿ ಹಚ್ಚಿಸಿಕೊಂಡು ಸುಮ್ಮನೆ ಕೂತಿದ್ದ ಪೊಟ್ಟಣವನ್ನು ಎಲ್ಲರ ಮುಂದೆ ಬಿಚ್ಚಿದರು. ಬೂದುಬಣ್ಣದ ಪ್ಯಾಂಟು ಮೇಜಿನ ಮೇಲೆ ಕಾಲು ಚಾಚಿ ಮಲಗಿತು. ಪುಸ್ತಕದ ತುಂಡು ಪಕ್ಕದಲ್ಲಿಟ್ಟರೆ ಅದೇ ಬಟ್ಟೆ, ಅದೇ ಗೆರೆ. ಕೋರ್ಟಿನ ಗುಮಾಸ್ತ ಪಕ್ಕದ ಜೇಬಿಗೆ ಕೈ ಹಾಕಹೋದ. ಬೆರಳು ಜೇಬಿನ ಬಾಯಲ್ಲೇ ನಿಂತಿತು. ಸೊಂಟಪಟ್ಟಿ ಮಗುಚಿದ, ಒಳಗೆ ಗುಂಡಿಯ ಜೇಬು, ಅದರ ಅಸ್ತರಿನ ಮೇಲೆ ಪೊಲೀಸರು ಅವತ್ತು ಔಷಧಿಯ ನೀರಿಗೆ ಅದ್ದಿದ್ದ ಕಲೆ.

ಸಾಹೇಬನ ವಕೀಲರು ಎದ್ದರು. "ಒಳಜೇಬಿಗೇ ಆ ಹೆಂಗಸು ತುರುಕಿರಬಹುದಲ್ಲ?"

"ಸಾರ್," ಎಂದರು ಮಾಸ್ಟರು, "ಮೊದಲು ಬೆಲ್ಟು ಬಿಚ್ಚಬೇಕು. ಆಮೇಲೆ ಹುಕ್ಕು ತೆಗೀಬೇಕು. ಪಟ್ಟಿ ಹೊರಗೆ ಮಗುಚಬೇಕು. ಗುಂಡಿ ತೆಗೀಬೇಕು, ಅದೂ ಬಿಗಿ ಕಾಜ, ನನ್ನ ಹೆಂಡತಿ ಹಾಕಿದ್ದು. ಅಕ್ಕ ಇಷ್ಟೆಲ್ಲ ಮಾಡಿ ಮುಗಿಸೋವರೆಗೆ ಸಾಹೇಬ್ರು ಸುಮ್ಮನೆ ಫೈಲ್ ಹುಡುಕ್ತಾ ಇದ್ರು ಅಂತೀರಾ?"

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ವಕೀಲರ ಕಣ್ಣು ಕೆಂಪಾಯಿತು. "ಇವಳ ಬ್ರೆಡ್ಡು ತಿಂದ ಋಣಕ್ಕೆ ಸಾಕ್ಷಿ ಹೇಳ್ತಿದ್ದೀರಿ, ಅಲ್ವೇ?"

"ದುಡ್ಡು ಕೊಟ್ಟೇ ತಿಂದಿದ್ದೀನಿ ಸಾರ್. ಋಣ ಅಂತ ನೋಡಿದ್ರೆ ನಾನು ತಿಂದದ್ದು ಸಾಹೇಬ್ರ ಆಫೀಸಿನ ಅನ್ನ. ಅವರ ಕಡೆಯೇ ನಿಲ್ಲಬೇಕಿತ್ತು."

ನ್ಯಾಯಾಧೀಶರು ಮುಂದಕ್ಕೆ ಬಾಗಿದರು. "ಇಂಥ ಜೇಬು ಯಾಕೆ ಅಂತ ನೀವು ಅವತ್ತು ಕೇಳಲಿಲ್ಲವೇ?"

ಮಾಸ್ಟರು ಕೊರಳಿನ ಟೇಪು ಹುಡುಕಿದರು. ಅಂಗಡಿಯಲ್ಲೇ ಬಿಟ್ಟು ಬಂದಿದ್ದರು. "ಇಲ್ಲ ಸ್ವಾಮಿ. ಅಂದಾಜಿತ್ತು. ಅದಕ್ಕೇ ಕೇಳಲಿಲ್ಲ."

ಆ ಮಾತು ಕೇಳಿ ಬ್ರೆಡ್ಡಕ್ಕನ ಕಣ್ಣು ತುಂಬಿತು. ತನ್ನನ್ನು ಉಳಿಸಲು ಆ ಮನುಷ್ಯ ಇಷ್ಟು ಜನರ ಮುಂದೆ ತನ್ನ ತಪ್ಪನ್ನೂ ಬಿಚ್ಚಿಟ್ಟಿದ್ದ. ಅಷ್ಟನ್ನು ಅವಳು ಕೇಳಿರಲೇ ಇಲ್ಲ.

ತಿಂಗಳೊಪ್ಪತ್ತಿನಲ್ಲಿ ತೀರ್ಪು ಬಂತು. ಕೇಳಿದ್ದೂ ನಿಜ, ತಗೊಂಡದ್ದೂ ನಿಜ. ಕಾಗದಪತ್ರದ ಮಾತಾಗಿದ್ದರೆ ಬೆಲ್ಟು ಬಿಚ್ಚುವ ಕೆಲಸವಿರಲಿಲ್ಲ ಎಂದರು ನ್ಯಾಯಾಧೀಶರು. ಮೂರು ವರ್ಷ ಜೈಲು. ಕುರ್ಚಿಗೆ ಬಂದ ಹೊಸ ಅಧಿಕಾರಿ ಚಿಮಣಿಯನ್ನು ಒಮ್ಮೆ ನೋಡಿ, ನಲವತ್ತು ಬ್ರೆಡ್ಡಿನ ಫೀಸಿಗೆ ರಸೀದಿ ಹರಿದುಕೊಟ್ಟರು.

ಆ ವರ್ಷದ ಸಮವಸ್ತ್ರದ ಆರ್ಡರು ಪಕ್ಕದ ಬೀದಿಯ ಇನ್ನೊಬ್ಬ ಟೈಲರಿಗೆ ಹೋಯಿತು.

ಬ್ರೆಡ್ಡಕ್ಕ ಬಿಸಿ ಬ್ರೆಡ್ಡು ತಗೊಂಡು ಹೋದರೆ ಮಾಸ್ಟರು ಎಣಿಸಿ ದುಡ್ಡು ಕೊಟ್ಟೇ ತಗೊಂಡರು. "ಪುಕ್ಕಟೆ ತಿಂದ್ರೆ ಆ ವಕೀಲರ ಮಾತು ನಿಜವಾಗುತ್ತೆ ಅಕ್ಕಾ," ಎಂದರು. ಅವರ ನಷ್ಟ ತುಂಬಲು ಅವಳಿಗೆ ಬೇರೆ ದಾರಿ ಕಾಣಲಿಲ್ಲ. ಹನ್ನೆರಡು ಏಪ್ರನ್ ಹೊಲಿಯಲು ಕೊಟ್ಟಳು.

"ಇರೋದು ನಾವಿಬ್ಬರು," ಎಂದಳು ಅತ್ತೆ. "ಹನ್ನೆರಡು ಯಾರ ಕೊರಳಿಗೇ? ಭಟ್ಟಿಗೂ ಒಂದು ಕಟ್ತೀಯೇನು?"

"ಕಟ್ತೀನಿ," ಎಂದಳು ಸೊಸೆ. ಆಮೇಲೆ ಸಂತೆಪೇಟೆಯ ಹೋಟೆಲು, ಕಟಿಂಗ್ ಶಾಪು, ಮೀನಿನ ಅಂಗಡಿ ಎಲ್ಲ ಕಡೆಗೂ ಬ್ರೆಡ್ಡು ಹಾಕುವಾಗ ಹೊಸ ಏಪ್ರನ್ ತೊಟ್ಟೇ ಹೋದಳು. ಯಾರು ಹೊಲಿದದ್ದು ಎಂದು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು. ವರ್ಷ ತಿರುಗುವಷ್ಟರಲ್ಲಿ ಮಾಸ್ಟರಿಗೆ ಅವಳ ಹನ್ನೆರಡೂ ಸೇರಿ ಇಪ್ಪತ್ತೇಳು ಏಪ್ರನ್ನು, ಒಂದು ಹೋಟೆಲಿನ ಹದಿನಾಲ್ಕು ಅಂಗಿ ಬಂದವು.

ಲೆಕ್ಕ ಇಷ್ಟು. ಮಾಸ್ಟರಿಗೆ ಹೋದದ್ದು ನಲವತ್ತು ಸಮವಸ್ತ್ರ, ಬಂದದ್ದು ನಲವತ್ತೊಂದು ಬಟ್ಟೆ. ಆದರೆ ಏಪ್ರನ್ನಿನ ಕೂಲಿ ಸಮವಸ್ತ್ರದ ಕೂಲಿಯಲ್ಲ, ಹಾಗಾಗಿ ಆ ವರ್ಷ ಅವರಿಗೆ ನಷ್ಟವೇ. ಬ್ರೆಡ್ಡಕ್ಕನಿಗೆ ಕೋರ್ಟಿಗೆ ಹೋದ ಹನ್ನೊಂದು ದಿನದ ಬ್ರೆಡ್ಡು ಹೋಯಿತು. ಭಟ್ಟಿ ಉಳಿಯಿತು.